ಹೊಸ ಇದ್ದಿಲು, ಹಳೆ ಇದ್ದಿಲು: ಹೊಲಕ್ಕೆ ಯಾವುದು?



ಬಳ್ಳಾರಿ ಜಾಲಿಗೆ ಬೆಲೆ ಬಂದಿದೆ ಎಂದರೆ ತಾವು ನಕ್ಕುಬಿಡಬಹುದು. ಕೆರೆಯಂಗಳ, ಗೋಮಾಳ, ಬೀಳು ಹೊಲಗಳನ್ನೆಲ್ಲ ಆಕ್ರಮಿಸಿ, ಎಷ್ಟು ಕಡಿದರೂ ಮತ್ತೆ ಚಿಗುರುವ ಈ ಮುಳ್ಳುಕಂಟಿಯನ್ನು ಶಪಿಸದ ರೈತನಿಲ್ಲ. ಆದರೆ ಇದೇ ಕಂಟಿಯನ್ನು ಗುಜರಾತಿನಲ್ಲಿ ಕಡಿದು, ಇದ್ದಿಲು ಮಾಡಿ, ಆ ಇದ್ದಿಲಿನಲ್ಲಿ ಸೆರೆಯಾದ ಇಂಗಾಲದ ಲೆಕ್ಕವನ್ನು ಮಾರುವ ಒಪ್ಪಂದವೊಂದು 2025ರ ಜನವರಿಯಲ್ಲಿ ಆಯಿತು. ಕೊಳ್ಳುವವರು ಅಮೆರಿಕದ ಗೂಗಲ್ ಕಂಪನಿ, ಮಾರುವವರು ನಮ್ಮ ದೇಶದ ವರಾಹ ಎಂಬ ಸಂಸ್ಥೆ, ಪ್ರಮಾಣ 2030ರೊಳಗೆ ಒಂದು ಲಕ್ಷ ಟನ್. ಮಾರಾಟವಾದದ್ದು ಇದ್ದಿಲಲ್ಲ, ಇದ್ದಿಲಿನ ಲೆಕ್ಕ. ಇದ್ದಿಲು ಹೋಗಿ ಬೀಳುವುದು ರೈತರ ಹೊಲಕ್ಕೆ.

ಈ ವ್ಯವಹಾರದ ಗಾಳಿ ನಮ್ಮ ಕಡೆಗೂ ಬೀಸಿದೆ. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಮೆಕ್ಕೆಜೋಳದ ದಿಂಡು, ತೆಂಗಿನ ಕರಟ ಎಲ್ಲವನ್ನೂ ಇದ್ದಿಲು ಮಾಡಿ ಮಣ್ಣಿಗೆ ಸೇರಿಸಿರೆಂದು ಹೇಳಿಕೊಂಡು ಬರುವವರು ಹೆಚ್ಚಾಗಿದ್ದಾರೆ. "ಜೈವಿಕ ಇದ್ದಿಲು", "ಬಯೋಚಾರ್" ಎಂಬ ಮಾತು ರೈತರ ಸಭೆಗಳಲ್ಲಿ ಕೇಳಿಬರುತ್ತಿದೆ. ಇದು ಒಳ್ಳೆಯದೋ ಕೆಟ್ಟದ್ದೋ ಎಂದು ಒಂದೇ ಮಾತಿನಲ್ಲಿ ಕೇಳುವವರಿಗೆ ನನ್ನ ಉತ್ತರವೂ ಒಂದೇ ಮಾತು: ಯಾವ ಇದ್ದಿಲು? ಕುಲುಮೆಯಿಂದ ಈಗ ತಾನೇ ತೆಗೆದದ್ದೋ, ತಿಪ್ಪೆಯಲ್ಲಿ ಮಳೆಗಾಲ ಕಳೆದದ್ದೋ? ಎರಡೂ ಕಪ್ಪೇ. ಆದರೆ ಮಣ್ಣಿನೊಳಗೆ ಅವು ನಡೆದುಕೊಳ್ಳುವ ರೀತಿ ಬೇರೆ ಬೇರೆ.

ಮೊದಲು ಲೆಕ್ಕದ ಮಾತು ಮುಗಿಸೋಣ. ಗಿಡ ಬೆಳೆಯುವಾಗ ಗಾಳಿಯಿಂದ ಇಂಗಾಲವನ್ನು ತೆಗೆದುಕೊಳ್ಳುತ್ತದೆ. ಕಟ್ಟಿಗೆಯನ್ನು ಬಯಲಲ್ಲಿ ಸುಟ್ಟರೆ ಆ ಇಂಗಾಲ ಅದೇ ದಿನ ಗಾಳಿಗೆ ಹಿಂತಿರುಗುತ್ತದೆ, ಕೊಳೆಯಲು ಬಿಟ್ಟರೆ ಕೆಲವು ವರ್ಷಗಳಲ್ಲಿ ಹಿಂತಿರುಗುತ್ತದೆ. ಗಾಳಿಯಾಡದಂತೆ ಬೇಯಿಸಿ ಇದ್ದಿಲು ಮಾಡಿದರೆ ಅದರ ಬಹುಭಾಗ ನೂರಾರು ವರ್ಷ ಮಣ್ಣಿನಲ್ಲೇ ಉಳಿಯುತ್ತದೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯ 2019ರ ಮಾರ್ಗಸೂಚಿ ಇದಕ್ಕೆ ಅಂಕಿ ಕೊಟ್ಟಿದೆ. 350ರಿಂದ 450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮಾಡಿದ ಇದ್ದಿಲಿನ ಇಂಗಾಲದಲ್ಲಿ ನೂರು ವರ್ಷಗಳ ನಂತರ ಶೇಕಡ 65 ಉಳಿದಿರುತ್ತದೆ, 450ರಿಂದ 600 ಡಿಗ್ರಿಯದರಲ್ಲಿ ಶೇಕಡ 80, 600 ಡಿಗ್ರಿಗೆ ಮೇಲ್ಪಟ್ಟದ್ದರಲ್ಲಿ ಶೇಕಡ 89. ಒಂದು ಟನ್ ಇಂಗಾಲವೆಂದರೆ 3.67 ಟನ್ ಇಂಗಾಲದ ಡೈಆಕ್ಸೈಡ್. ಆದ್ದರಿಂದ ಶೇಕಡ 75 ಇಂಗಾಲವಿರುವ, ಮಧ್ಯಮ ಶಾಖದ ಒಂದು ಟನ್ ಇದ್ದಿಲಿಗೆ ಸುಮಾರು 2.2 ಟನ್ನಿನ ಲೆಕ್ಕ ಸಿಗುತ್ತದೆ. ಶೇಕಡ 80 ಇಂಗಾಲವಿರುವ, ಹೆಚ್ಚು ಶಾಖದ ಇದ್ದಿಲಿಗೆ ಸುಮಾರು 2.6 ಟನ್. ಸಾಗಾಣಿಕೆ, ಕುಲುಮೆಯ ಹೊಗೆ ಇವುಗಳನ್ನು ಇದರಲ್ಲಿ ಕಳೆಯಬೇಕು.

ಇದರಿಂದ ಒಂದು ವಿಷಯ ತಮ್ಮ ಗಮನಕ್ಕೆ ಬಂದಿರಬೇಕು. ಲೆಕ್ಕ ಕೊಳ್ಳುವವರಿಗೆ ಬೇಕಾದದ್ದು ಚೆನ್ನಾಗಿ ಬೆಂದ, ಜಡವಾದ, ಯಾವುದರೊಂದಿಗೂ ಬೆರೆಯದ ಇದ್ದಿಲು. ಮಣ್ಣಿಗೆ ಬೇಕಾದದ್ದು ನೀರಿನೊಡನೆ, ಗೊಬ್ಬರದೊಡನೆ, ಸೂಕ್ಷ್ಮಜೀವಿಗಳೊಡನೆ ಬೆರೆಯುವ ಇದ್ದಿಲು. ಇವೆರಡಕ್ಕೂ ಇರುವ ಅಂತರ ಇದ್ದಿಲಿನ ಮೇಲ್ಮೈಯಲ್ಲಿದೆ. ಇಂದು ಅದನ್ನೇ ಸ್ವಲ್ಪ ವಿವರವಾಗಿ ಹೇಳಬೇಕೆಂದಿದ್ದೇನೆ, ಏಕೆಂದರೆ ಈ ವಿಷಯದಲ್ಲಿ ನಾನೇ ಒಮ್ಮೆ ಎಡವಿದ್ದೇನೆ.

ಪ್ರಾತ್ಯಕ್ಷಿಕೆಯಲ್ಲಿ ಕಂಡದ್ದು

ಕೆಲವು ವರ್ಷಗಳ ಹಿಂದೆ ಮೆಕ್ಕೆಜೋಳದ ಒಂದು ತಾಕಿನಲ್ಲಿ ಇದ್ದಿಲಿನ ಪ್ರಾತ್ಯಕ್ಷಿಕೆ ಹಾಕಿಸಿದೆ. ಹಿಂದಿನ ಬೆಳೆಯ ದಿಂಡುಗಳನ್ನು ಗುಂಡಿಯಲ್ಲಿ ಸುಟ್ಟು, ನೀರು ಹೊಡೆದು ಆರಿಸಿ, ಪುಡಿ ಮಾಡಿ, ವಾರದೊಳಗೇ ಸಾಲಿಗೆ ಸುರಿಸಿ, ಅದರ ಮೇಲೇ ಬಿತ್ತನೆಯ ಯೂರಿಯಾ ಕೊಡಿಸಿದೆ. ಮೂರು ವಾರ ಕಳೆಯುವುದರಲ್ಲಿ ಇದ್ದಿಲು ಹಾಕಿದ ಸಾಲುಗಳು ಹಳದಿ ತಿರುಗಿದವು. ಪಕ್ಕದ ಸಾಲುಗಳು ಹಸಿರಾಗಿಯೇ ಇದ್ದವು. ಕ್ಷೇತ್ರೋತ್ಸವಕ್ಕೆ ಕರೆದಿದ್ದ ಜನರಿಗೆ ಏನು ಹೇಳಲಿ ಎಂದು ನಾನು ತಡವರಿಸುತ್ತಿದ್ದಾಗ ಆ ಹೊಲದ ಒಡತಿ ಹೇಳಿದ ಮಾತು ಈಗಲೂ ನೆನಪಿದೆ: "ಸಾಹೇಬ್ರೇ, ನಮ್ಮತ್ತೆ ಒಲೆ ಮಸಿನೆಲ್ಲ ತಿಪ್ಪೆಗೆ ಸುರಿದು ವರ್ಷ ಬಿಟ್ಟೇ ಹೊಲಕ್ಕೆ ಹೊಡಿಸ್ತಿದ್ರು. ಬಿಸಿ ಮಸಿ ಪೈರಿಗೆ ಆಗಲ್ಲ ಅಂತಿದ್ರು."

ಇದ್ದಿಲು ಆರಿತ್ತು, ಬಿಸಿಯಾಗಿರಲಿಲ್ಲ. ಆದರೂ ಆ ಅತ್ತೆಯ ಮಾತಿನಲ್ಲಿ ಹುರುಳಿತ್ತು. ಮೇಲುಗೊಬ್ಬರ ಕೊಟ್ಟು ಹೇಗೋ ಪೈರನ್ನು ಉಳಿಸಿಕೊಂಡೆವು. ಆಮೇಲೆ ಕುಳಿತು ಓದಿದಾಗ ಬಿಸಿ ಮಸಿ ಎಂದರೇನೆಂಬುದು ತಿಳಿಯತೊಡಗಿತು.

ಮಣ್ಣಿನ ಕೆಲಸಗಾರರು

ಮಣ್ಣಿನಲ್ಲಿ ಗೊಬ್ಬರ ಪೈರಿಗೆ ದಕ್ಕಬೇಕಾದರೆ ಮಧ್ಯೆ ಕೆಲಸ ಮಾಡುವವು ಕಿಣ್ವಗಳು. ಮೊಳಕೆ ಕಟ್ಟಿದ ರಾಗಿಯ ಹಿಟ್ಟಿನಿಂದ ಮಾಡಿದ ಅಂಬಲಿ ಸಿಹಿಯಾಗುವುದು ಕಿಣ್ವದಿಂದ. ದನದ ಕೊಟ್ಟಿಗೆಯಲ್ಲಿ ಗಂಜಲ ನಿಂತಲ್ಲಿ ಮೂಗಿಗೆ ಬಡಿಯುವ ಕಟುವಾಸನೆಯೂ ಒಂದು ಕಿಣ್ವದ್ದೇ ಕೆಲಸ. ಯೂರಿಯೇಸ್ ಎಂಬ ಆ ಕಿಣ್ವ ಗಂಜಲದಲ್ಲಿರುವ ಯೂರಿಯಾವನ್ನು ಒಡೆದು ಅಮೋನಿಯ ಮಾಡುತ್ತದೆ. ಚೀಲದ ಯೂರಿಯಾಕ್ಕೂ ಹೊಲದಲ್ಲಿ ಇದೇ ಗತಿ. ಬೆಚ್ಚಗಿನ, ತೇವವಿರುವ ಮಣ್ಣಿನಲ್ಲಿ ಒಂದು ವಾರದೊಳಗೆ ಬಹುಪಾಲು ಒಡೆದಿರುತ್ತದೆ. ಫಾಸ್ಫಟೇಸ್ ಎಂಬ ಇನ್ನೊಂದು ಕಿಣ್ವ ಸಾವಯವ ವಸ್ತುವಿನಲ್ಲಿ ಸಿಕ್ಕಿಕೊಂಡ ರಂಜಕವನ್ನು ಬಿಡಿಸುತ್ತದೆ. ಬೇರು ಮತ್ತು ಸೂಕ್ಷ್ಮಜೀವಿಗಳು ಇಂಥ ಕಿಣ್ವಗಳನ್ನು ಹೊರಕ್ಕೆ ಸುರಿಸುತ್ತವೆ. ಅವು ಮಣ್ಣಿನ ನೀರಿನಲ್ಲಿ ಸುಮ್ಮನೆ ತೇಲುತ್ತಿದ್ದರೆ ಬೇಗನೆ ಇತರ ಜೀವಿಗಳಿಗೆ ಆಹಾರವಾಗಿಬಿಡುತ್ತವೆ. ಜೇಡಿ ಕಣಕ್ಕೋ ಕಳಿತ ಗೊಬ್ಬರಕ್ಕೋ ಅಂಟಿಕೊಂಡರೆ ಬಹುಕಾಲ ಬಾಳುತ್ತವೆ.

ಇದ್ದಿಲಿಗೂ ಅಂಟಿಕೊಳ್ಳುತ್ತವೆ. ಇದು ಹೊಸ ಸಂಗತಿಯಲ್ಲ. 1916ರಲ್ಲಿ ಅಮೆರಿಕದ ನೆಲ್ಸನ್ ಮತ್ತು ಗ್ರಿಫಿನ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಸಕ್ಕರೆಯನ್ನು ಒಡೆಯುವ ಇನ್ವರ್ಟೇಸ್ ಎಂಬ ಕಿಣ್ವವನ್ನು ಇದ್ದಿಲಿಗೆ ಅಂಟಿಸಿದರು. ಅಂಟಿಕೊಂಡ ಮೇಲೂ ಅದು ಮೊದಲಿನಂತೆಯೇ ಸಕ್ಕರೆಯನ್ನು ಒಡೆಯಿತು. ಕಿಣ್ವವನ್ನು ಒಂದು ಗಟ್ಟಿ ವಸ್ತುವಿಗೆ ಕಟ್ಟಿಹಾಕಿ ಮತ್ತೆ ಮತ್ತೆ ದುಡಿಸಿಕೊಳ್ಳುವ ಇಂದಿನ ದೊಡ್ಡ ಉದ್ಯಮಕ್ಕೆ ಬೀಜ ಅಲ್ಲಿ ಬಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಂಧಕಾಮ್ಲಕ್ಕೆ ಬರ ಬಂದಾಗ ಇಂಗ್ಲೆಂಡಿನ ಟೇಟ್ ಅಂಡ್ ಲೈಲ್ ಸಕ್ಕರೆ ಕಂಪನಿ ಮೂಳೆ ಇದ್ದಿಲಿಗೆ ಇದೇ ಕಿಣ್ವವನ್ನು ಅಂಟಿಸಿ ಪಾಕ ತಯಾರಿಸಿತ್ತು.

ಹಾಗಾದರೆ ಇದ್ದಿಲಿಗೆ ಅಂಟಿದ ಕಿಣ್ವಗಳೆಲ್ಲ ಚೆನ್ನಾಗಿಯೇ ದುಡಿಯುತ್ತವೆಯೇ? ಇಲ್ಲ. ಇಂಗಾಲದ ಅತಿ ಸೂಕ್ಷ್ಮ ಕೊಳವೆಗಳ ಮೇಲೆ ಎರಡು ಕಿಣ್ವಗಳನ್ನು ಅಂಟಿಸಿ ನೋಡಿದ ಪ್ರಯೋಗವೊಂದು 2004ರಲ್ಲಿ ಪ್ರಕಟವಾಯಿತು. ಸೋಯಾ ಅವರೆಯ ಪೆರಾಕ್ಸಿಡೇಸ್ ಎಂಬ ಕಿಣ್ವ ತನ್ನ ಶಕ್ತಿಯಲ್ಲಿ ಶೇಕಡ 30ರಷ್ಟನ್ನು ಉಳಿಸಿಕೊಂಡಿತು. ಕೈಮೋಟ್ರಿಪ್ಸಿನ್ ಎಂಬ ಜೀರ್ಣಕಿಣ್ವ ಉಳಿಸಿಕೊಂಡದ್ದು ಶೇಕಡ 1 ಮಾತ್ರ. ಎರಡನೆಯದು ಅಂಟಿಕೊಂಡಾಗ ಅದರ ಮಡಿಕೆಯೇ ಬಿಚ್ಚಿಹೋಗಿತ್ತು.

ಈ ಮಡಿಕೆಯ ವಿಷಯ ತಿಳಿಯುವುದು ಮುಖ್ಯ. ಕಿಣ್ವವೆಂದರೆ ಉದ್ದನೆಯ ಒಂದು ಪ್ರೋಟೀನ್ ಎಳೆ, ಪೇಟ ಸುತ್ತಿದಂತೆ ಸುತ್ತಿಕೊಂಡಿರುತ್ತದೆ. ನೀರನ್ನು ಒಲ್ಲದ ಭಾಗಗಳು ಒಳಗೆ, ನೀರಿಗೆ ಒಗ್ಗುವ ಭಾಗಗಳು ಹೊರಗೆ. ಆ ಸುತ್ತು ಸರಿಯಾಗಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಹೊಸ ಇದ್ದಿಲಿನ ಮೇಲ್ಮೈ ಕೆಸುವಿನ ಎಲೆಯಂತೆ, ನೀರನ್ನು ಹಿಡಿಯುವುದಿಲ್ಲ. ಹೆಚ್ಚು ಶಾಖದಲ್ಲಿ ಬೆಂದಷ್ಟೂ ಇದು ಹೆಚ್ಚು, ಏಕೆಂದರೆ ಕಟ್ಟಿಗೆಯಲ್ಲಿದ್ದ ಆಮ್ಲಜನಕ, ಜಲಜನಕ ಎರಡೂ ಹೊಗೆಯಾಗಿ ಹೋಗಿ ಬರಿಯ ಇಂಗಾಲದ ಹಾಳೆಗಳು ಉಳಿದಿರುತ್ತವೆ. ಇಂಥ ಜಿಡ್ಡಿನ ಮೈಗೆ ಕಿಣ್ವ ತಾಗಿದಾಗ ಅದರ ಒಳಗಿನ, ನೀರು ಒಲ್ಲದ ಭಾಗಗಳು ಹೊರಬಂದು ಇದ್ದಿಲಿಗೆ ಮೆತ್ತಿಕೊಳ್ಳುತ್ತವೆ. ಪೇಟ ಬಿಚ್ಚಿತು. ಕಿಣ್ವ ಅಲ್ಲೇ ಇದೆ, ಆದರೆ ಕೆಲಸಕ್ಕಿಲ್ಲ. ಗಟ್ಟಿಮುಟ್ಟಾಗಿ ಸುತ್ತಿಕೊಂಡ ಕಿಣ್ವಗಳು ಸ್ವಲ್ಪ ತಡೆದುಕೊಳ್ಳುತ್ತವೆ, ಮೃದುವಾದವು ಬೇಗ ಸೋಲುತ್ತವೆ.

ಗಾಳಿ ನೀರು ಮಾಡುವ ಕೆಲಸ

ಇದೇ ಇದ್ದಿಲು ಗಾಳಿ, ನೀರು, ಬಿಸಿಲಿಗೆ ಸಿಕ್ಕರೆ ನಿಧಾನವಾಗಿ ಅದರ ಮೈಗೆ ಆಮ್ಲಜನಕ ಸೇರಿಕೊಳ್ಳುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿದಂತೆ ಎನ್ನಿ, ಆದರೆ ಇದು ಒಳ್ಳೆಯ ತುಕ್ಕು. ವಿಜ್ಞಾನದಲ್ಲಿ ಇದನ್ನು ಉತ್ಕರ್ಷಣ ಎನ್ನುತ್ತಾರೆ. ಇದರಿಂದ ಮೇಲ್ಮೈಯಲ್ಲಿ ಹುಳಿ ಗುಣದ ಸಣ್ಣ ಸಣ್ಣ ಗುಂಪುಗಳು ಹುಟ್ಟುತ್ತವೆ. ಅವು ನೀರನ್ನು ಹಿಡಿಯುತ್ತವೆ. ಋಣ ವಿದ್ಯುದಂಶ ಇರುವುದರಿಂದ ಅಮೋನಿಯಂ, ಪೊಟ್ಯಾಷ್, ಸುಣ್ಣದ ಅಂಶಗಳನ್ನೂ ಹಿಡಿದಿಡುತ್ತವೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಣ್ಣಿಗೆ ಬೆರೆಸಿದ ಇದ್ದಿಲಿನ ಮೈ ನಾಲ್ಕು ತಿಂಗಳಲ್ಲೇ ಬದಲಾಗಿತ್ತು. ಸೂಕ್ಷ್ಮಜೀವಿಗಳಿಗಿಂತ ಗಾಳಿ ಮತ್ತು ಶಾಖದ ಪಾತ್ರವೇ ಇದರಲ್ಲಿ ಹಿರಿದಾಗಿತ್ತು. ಎರಡು ವರ್ಷಗಳ ಬಳಿಕ ಅವರೇ ಕೆನಡದ ಕ್ವಿಬೆಕ್‌ನಿಂದ ಅಮೆರಿಕದ ಜಾರ್ಜಿಯದವರೆಗೆ, ಹತ್ತೊಂಬತ್ತನೆಯ ಶತಮಾನದ ಕಬ್ಬಿಣದ ಕುಲುಮೆಗಳ ಬಳಿ ಬಿದ್ದಿದ್ದ ಹಳೆಯ ಇದ್ದಿಲನ್ನು ಪರೀಕ್ಷಿಸಿದರು. ಹೊಸ ಇದ್ದಿಲಿನಲ್ಲಿ ಶೇಕಡ 7ರಷ್ಟಿದ್ದ ಆಮ್ಲಜನಕ ಹಳೆಯದರಲ್ಲಿ ಶೇಕಡ 25ರ ಹತ್ತಿರಕ್ಕೆ ಏರಿತ್ತು. ಬೆಚ್ಚಗಿನ ಸೀಮೆಯ ಇದ್ದಿಲು ಹೆಚ್ಚು ಬದಲಾಗಿತ್ತು, ಚಳಿಸೀಮೆಯದು ಕಡಿಮೆ. ಸುಮಾರು 130 ವರ್ಷ ಕಳೆದಿದ್ದರೂ ಇದ್ದಿಲು ಕರಗಿ ಕಾಣೆಯಾಗಿರಲಿಲ್ಲ ಎಂಬುದನ್ನೂ ಗಮನಿಸಬೇಕು.

ಹೀಗೆ ಹದಗೊಂಡ ಮೈಯ ಮೇಲೆ ಕಿಣ್ವದ ಪೇಟ ಬಿಚ್ಚುವ ಭಯ ಕಡಿಮೆ. ನಡುವೆ ನೀರಿನ ತೆಳು ಪದರ ಇರುತ್ತದೆ, ಕಿಣ್ವ ಮೆದು ಹಾಸಿಗೆಯ ಮೇಲೆ ಕುಳಿತಂತೆ ಕುಳಿತುಕೊಳ್ಳುತ್ತದೆ. ಆದರೆ ಉತ್ಕರ್ಷಣವಾದಷ್ಟೂ ಕಿಣ್ವಕ್ಕೆ ಒಳ್ಳೆಯದೆಂದು ತೀರ್ಮಾನಿಸುವುದು ಅವಸರದ ಮಾತು. ಕಿಣ್ವಗಳಿಗೂ ವಿದ್ಯುದಂಶವಿದೆ, ಅದು ಮಣ್ಣಿನ ರಸಸಾರದ ಮೇಲೆ ಹೋಗುತ್ತದೆ. ಧನ ಅಂಶದ ಕಿಣ್ವವನ್ನು ಋಣ ಅಂಶದ ಮೈ ಬಿಗಿಯಾಗಿ ಅಪ್ಪಿಕೊಂಡುಬಿಡುತ್ತದೆ. 2011ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಪೂರ್ತಿ ಉತ್ಕರ್ಷಣಗೊಂಡ ಇಂಗಾಲದ ಹಾಳೆಗಳು ಅದೇ ಕೈಮೋಟ್ರಿಪ್ಸಿನ್ ಕಿಣ್ವವನ್ನು ಹಿಡಿದು ಅದರ ಕೆಲಸವನ್ನು ಬಲವಾಗಿ ತಡೆದವು. ಯೂರಿಯೇಸ್‌ನಂಥ ಕಿಣ್ವಕ್ಕೆ ತಟಸ್ಥ ಮಣ್ಣಿನಲ್ಲಿ ಋಣ ಅಂಶವೇ ಇರುವುದರಿಂದ ಅದು ಇಂಥ ಮೈಗೆ ಅಷ್ಟಾಗಿ ಅಂಟುವುದಿಲ್ಲ. ಮಧ್ಯೆ ಸುಣ್ಣದ ಅಂಶ ಸೇತುವೆಯಾದರೆ ಅಂಟುತ್ತದೆ. ಆದ್ದರಿಂದ ಎಲ್ಲ ಕಿಣ್ವಕ್ಕೂ ಒಂದೇ ಔಷಧವಿಲ್ಲ. ಪ್ರಯೋಗಾಲಯಗಳಲ್ಲಿ ನೈಟ್ರಿಕ್ ಆಮ್ಲದಲ್ಲಿ ಕುದಿಸಿ ಒಂದೇ ದಿನದಲ್ಲಿ ಇದ್ದಿಲನ್ನು ಹಳೆಯದಾಗಿಸುತ್ತಾರೆ. ಅದು ಅತಿಯಾದರೆ ರಂಧ್ರಗಳ ಗೋಡೆಯೇ ಕುಸಿಯುತ್ತದೆ. ಇದನ್ನು ಓದಿ ಯಾರೂ ಆಮ್ಲದ ಗೊಡವೆಗೆ ಹೋಗಬಾರದು, ಕೈ ಮೈ ಸುಟ್ಟುಕೊಳ್ಳುವ ಕೆಲಸವದು.

ರಂಧ್ರದ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. "ನಮ್ಮ ಇದ್ದಿಲಿನ ಒಂದು ಗ್ರಾಮಿಗೆ ನೂರಾರು ಚದರ ಮೀಟರ್ ಮೇಲ್ಮೈ" ಎಂಬ ಜಾಹೀರಾತನ್ನು ತಾವು ನೋಡಿರಬಹುದು. ಸುಳ್ಳೇನಲ್ಲ. ಆದರೆ ಆ ಮೇಲ್ಮೈಯ ಬಹುಭಾಗ ಒಂದು ಮಿಲಿಮೀಟರಿನ ಐದು ಲಕ್ಷದ ಒಂದು ಪಾಲಿಗಿಂತ ಕಿರಿದಾದ ರಂಧ್ರಗಳ ಒಳಗಿದೆ. ಯೂರಿಯೇಸ್ ಅದಕ್ಕಿಂತ ಹಲವು ಪಟ್ಟು ದಪ್ಪ. ಒಳಗೆ ಹೋಗುವುದೇ ಇಲ್ಲ. ಅಡಕೆಯ ಚೀಲವನ್ನು ಇರುವೆ ಗೂಡಿನಲ್ಲಿ ಇಡುತ್ತೇನೆ ಎಂದಂತೆ! ಆದರೆ ಕಿಣ್ವದ ಆಹಾರವಾದ ಸಣ್ಣ ಅಣುಗಳು ಒಳಹೊಕ್ಕು ಸಿಕ್ಕಿಕೊಳ್ಳಬಹುದು. ಆಗ ಕೆಲಸಗಾರ ಹೊರಗೆ, ಕೆಲಸ ಒಳಗೆ. 2011ರಲ್ಲಿ ಪ್ರಕಟವಾದ, ಕಟ್ಟಿಗೆ ಇದ್ದಿಲು ಮತ್ತು ಕಾರ್ಖಾನೆಯ ಪಟುಗೊಳಿಸಿದ ಇಂಗಾಲಗಳನ್ನು ಹೋಲಿಸಿದ ಅಧ್ಯಯನದಲ್ಲಿ ಹೀಗೆಯೇ ಆಯಿತು. ಕಿಣ್ವ ಎರಡಕ್ಕೂ ಅಂಟಿತು. ಕಟ್ಟಿಗೆ ಇದ್ದಿಲಿನ ಜೊತೆ ಕೆಲಸ ನಿಧಾನವಾಯಿತು, ಆದರೆ ನಿಲ್ಲಲಿಲ್ಲ. ಪಟುಗೊಳಿಸಿದ ಇಂಗಾಲವಾದರೋ ಕಿಣ್ವದ ಆಹಾರವನ್ನೇ ನುಂಗಿ ಕುಳಿತಿತು.

ಈಗ ನನ್ನ ಮೆಕ್ಕೆಜೋಳದ ತಾಕಿಗೆ ಬರೋಣ. ಹೊಸ ಇದ್ದಿಲಿನಲ್ಲಿ ಬೂದಿಯ ಅಂಶವಿದ್ದು ಅದು ಕ್ಷಾರ. ಕ್ಷಾರದ ನೆರೆಯಲ್ಲಿ ಯೂರಿಯಾ ಒಡೆದರೆ ಅಮೋನಿಯ ಗಾಳಿಗೆ ಹಾರಿಹೋಗುತ್ತದೆ, ಹಿಡಿದಿಡಲು ಹುಳಿ ಗುಂಪುಗಳು ಇನ್ನೂ ಹುಟ್ಟಿಲ್ಲ. ಉಳಿದ ಸಾರಜನಕವನ್ನು ಇದ್ದಿಲಿನ ಜೊತೆಗಿದ್ದ ಅರೆಬೆಂದ ಅಂಶಗಳನ್ನು ತಿನ್ನಲು ಬಂದ ಸೂಕ್ಷ್ಮಜೀವಿಗಳು ತೆಗೆದುಕೊಳ್ಳುತ್ತವೆ. ಸಾವಯವದಿಂದ ಸಾರಜನಕ ಬಿಡಿಸಬೇಕಾದ ಕಿಣ್ವಗಳಲ್ಲಿ ಒಂದಷ್ಟು ಇದ್ದಿಲಿಗೆ ಮೆತ್ತಿಕೊಂಡು ನಿಷ್ಕ್ರಿಯವಾಗುತ್ತವೆ. ಇವೆಲ್ಲ ಸೇರಿ ಪೈರು ಹಸಿದಿತ್ತು. ಹಳದಿಯಾಗದೆ ಇನ್ನೇನಾಗಬೇಕು?

ಜರ್ಮನಿಯಲ್ಲಿ ನಡೆದು 2015ರಲ್ಲಿ ಪ್ರಕಟವಾದ ಕುಂಡದ ಪ್ರಯೋಗವೊಂದು ಇದನ್ನೇ ಇನ್ನೂ ಸ್ಪಷ್ಟವಾಗಿ ತೋರಿಸಿದೆ. ಕ್ವಿನೋವಾ ಎಂಬ ಧಾನ್ಯದ ಗಿಡಕ್ಕೆ ಮಣ್ಣಿನ ತೂಕದ ಶೇಕಡ 2ರಷ್ಟು ಹೊಸ ಇದ್ದಿಲು ಹಾಕಿದಾಗ ಬೆಳವಣಿಗೆ, ಏನೂ ಹಾಕದ ಗಿಡದ ಶೇಕಡ 60ಕ್ಕೆ ಇಳಿಯಿತು. ಅದೇ ಪ್ರಮಾಣದಲ್ಲಿ ಕಾಂಪೋಸ್ಟಿನೊಡನೆ ಕಳಿತ ಇದ್ದಿಲನ್ನು ಹಾಕಿದಾಗ ಶೇಕಡ 305ರವರೆಗೂ ಏರಿತು. ಕುಂಡದ ಫಲ ಹೊಲದ ಫಲವಲ್ಲ, ಮೂರು ಪಟ್ಟು ಇಳುವರಿ ಬರುತ್ತದೆಂದು ಯಾರೂ ಆಸೆಪಡಬಾರದು. ಆದರೆ ಒಂದು ಇಳಿಸಿತು, ಇನ್ನೊಂದು ಏರಿಸಿತು ಎಂಬುದು ಕಣ್ಣಿಗೆ ಹೊಡೆಯುವ ಸಂಗತಿ. ಎರಡು ವರ್ಷಗಳ ನಂತರ ಕಳಿತ ಇದ್ದಿಲಿನ ರಂಧ್ರಗಳೊಳಗೆ ಸಾವಯವದ ತೆಳು ಲೇಪನ ಕೂತಿರುವುದನ್ನೂ ವಿಜ್ಞಾನಿಗಳು ತೋರಿಸಿದರು. ಗಾಳಿ ಕೊಟ್ಟ ಹುಳಿ ಗುಂಪುಗಳ ಜೊತೆಗೆ ತಿಪ್ಪೆ ಕೊಟ್ಟ ಈ ಲೇಪನವೂ ಸೇರಿದಾಗ ಇದ್ದಿಲಿನ ಜಿಡ್ಡು ಮುಚ್ಚಿಹೋಗುತ್ತದೆ. ಅತ್ತೆಯ ತಿಪ್ಪೆ ಮಾಡುತ್ತಿದ್ದುದು ಇದನ್ನೇ.

ಪರೀಕ್ಷೆಯಲ್ಲಿ ಮೋಸ

ಇದ್ದಿಲು ಹಾಕಿದ ಮೇಲೆ ಮಣ್ಣು ಸುಧಾರಿಸಿತೋ ಇಲ್ಲವೋ ಎಂದು ಪರೀಕ್ಷೆ ಮಾಡಿಸುವವರು ಎರಡು ವಿಷಯ ತಿಳಿದಿರಬೇಕು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿವೆ, ಕಿಣ್ವಗಳ ಚಟುವಟಿಕೆ ಅದರಲ್ಲಿಲ್ಲ. ಸಾವಯವ ಇಂಗಾಲವಿದೆ. ಆದರೆ ಅದನ್ನು ಅಳೆಯುವ ವಾಕ್ಲಿ ಮತ್ತು ಬ್ಲ್ಯಾಕ್ ಪದ್ಧತಿ ಇದ್ದಿಲಿನ ಇಂಗಾಲವನ್ನು ಅಲ್ಪಸ್ವಲ್ಪ ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಹಿಡಿದಷ್ಟು ಕೂಡ ಕೊಟ್ಟಿಗೆ ಗೊಬ್ಬರದ ಇಂಗಾಲಕ್ಕೆ ಸಮನಲ್ಲ, ಸೂಕ್ಷ್ಮಜೀವಿಗಳ ಹೊಟ್ಟೆ ತುಂಬಿಸುವುದಿಲ್ಲ. ಆದ್ದರಿಂದ ಚೀಟಿಯಲ್ಲಿ ಇಂಗಾಲ ಏರಿತೆಂದು ಗೊಬ್ಬರ ಕಡಿಮೆ ಮಾಡಬೇಡಿ.

ಕಿಣ್ವಗಳನ್ನು ಅಳೆಯುವ ಸಂಶೋಧನಾಲಯಗಳಲ್ಲೂ ತೊಡಕಿದೆ. ಫಾಸ್ಫಟೇಸ್ ಅಳೆಯಲು ಒಂದು ರಾಸಾಯನಿಕವನ್ನು ಮಣ್ಣಿಗೆ ಕೊಟ್ಟು, ಕಿಣ್ವ ಅದನ್ನು ಒಡೆದಾಗ ಹುಟ್ಟುವ ಹಳದಿ ಬಣ್ಣವನ್ನು ಓದುತ್ತಾರೆ. ಮಣ್ಣಿನಲ್ಲಿ ಇದ್ದಿಲಿದ್ದರೆ ಅದು ಆ ಬಣ್ಣವನ್ನೇ ಹೀರಿಕೊಳ್ಳುತ್ತದೆ. ಕಿಣ್ವ ದುಡಿದಿದ್ದರೂ ಯಂತ್ರ ಇಲ್ಲವೆನ್ನುತ್ತದೆ. ಒಬ್ಬರ ಪ್ರಯೋಗದಲ್ಲಿ ಇದ್ದಿಲು ಅಮೃತ, ಇನ್ನೊಬ್ಬರದರಲ್ಲಿ ವಿಷ ಎಂದು ಬರುವುದಕ್ಕೆ ಇದೂ ಒಂದು ಕಾರಣ. ಇದ್ದಿಲಿನ ಮೇಲಿನ ಯಾವ ವರದಿಯನ್ನು ಓದುವಾಗಲೂ ಹೊಸದೋ ಹಳೆಯದೋ, ಎಷ್ಟು ಶಾಖದ್ದು, ಯಾವ ಮಣ್ಣಿನಲ್ಲಿ ಎಂಬುದನ್ನು ಮೊದಲು ನೋಡಿ. ಇವು ಮೂರೂ ಇಲ್ಲದ ವರದಿಯನ್ನು ನಾನು ಪಕ್ಕಕ್ಕಿಡುತ್ತೇನೆ.

ಯಾರ ಹೊಲಕ್ಕೆ, ಎಷ್ಟು?

ಪ್ರಪಂಚದ ನಾನಾ ಕಡೆಯ ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಮಾಡಿದ ವಿಶ್ಲೇಷಣೆಯ ಪ್ರಕಾರ ಇದ್ದಿಲಿನಿಂದ ಉಷ್ಣವಲಯದಲ್ಲಿ ಸರಾಸರಿ ಶೇಕಡ 25 ಇಳುವರಿ ಹೆಚ್ಚಿತು, ತಂಪು ಸೀಮೆಯಲ್ಲಿ ಏನೂ ಹೆಚ್ಚಲಿಲ್ಲ. ನಾವು ಉಷ್ಣವಲಯದವರು, ಆದ್ದರಿಂದ ನಮಗೆ ಶೇಕಡ 25 ಎಂದು ಪ್ರಚಾರ ಮಾಡುವವರು ಇದರ ಮುಂದಿನ ಸಾಲನ್ನು ಹೇಳುವುದಿಲ್ಲ. ಆ ಉಷ್ಣವಲಯದ ಮಣ್ಣುಗಳು ಹುಳಿ ಮಣ್ಣುಗಳು, ಇದ್ದಿಲಿನ ಬೂದಿ ಅಲ್ಲಿ ಸುಣ್ಣದ ಕೆಲಸ ಮಾಡಿತು. ಹಾಕಿದ ಪ್ರಮಾಣವೂ ಹೆಕ್ಟೇರಿಗೆ ಸುಮಾರು 15 ಟನ್, ಅಂದರೆ ಎಕರೆಗೆ 6 ಟನ್.

ಮಲೆನಾಡು, ಕರಾವಳಿಯ ಹುಳಿ ಜಂಬಿಟ್ಟಿಗೆ ಮಣ್ಣಿನವರಿಗೆ ಇದರಲ್ಲಿ ನಿಜವಾದ ಲಾಭವಿದೆ. ಬಯಲುಸೀಮೆಯ ಹಗುರ ಕೆಂಪು ಮಣ್ಣಿಗೂ ನೀರು, ಪೋಷಕಾಂಶ ಹಿಡಿದಿಡಲು ಉಪಯೋಗ. ರಸಸಾರ 8 ದಾಟಿದ ಎರೆ ಹೊಲದವರು ಅವಸರಪಡಬೇಕಾಗಿಲ್ಲ. ಕ್ಷಾರ ಮಣ್ಣಿಗೆ ಕ್ಷಾರ ಇದ್ದಿಲನ್ನು ಸುರಿದರೆ ಆಗುವುದೇನು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಎಕರೆಗೆ 6 ಟನ್ ಇದ್ದಿಲನ್ನು ತರುವುದೆಲ್ಲಿಂದ? ಒಣ ಕಟ್ಟಿಗೆಯ ತೂಕದಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇದ್ದಿಲು ಸಿಗುತ್ತದೆ. ಒಂದು ಎಕರೆ ಹತ್ತಿಯ ಕಟ್ಟಿಗೆ ಸುಮಾರು ಒಂದು ಟನ್ ಆದರೆ ಇದ್ದಿಲು ಎರಡೂವರೆ, ಮೂರು ಕ್ವಿಂಟಾಲು. ಅದೂ ಮನೆಯ ಒಲೆಗೆ ಬೇಡವಾದರೆ. ಜೋಳದ ಕಣಿಕೆ, ರಾಗಿ ಹುಲ್ಲು ಮುಂತಾದ ಮೇವನ್ನು ಯಾವ ಕಾರಣಕ್ಕೂ ಇದ್ದಿಲು ಮಾಡಬೇಡಿ, ದನದ ಹೊಟ್ಟೆಯ ಮೂಲಕ ಹೊಲಕ್ಕೆ ಬರುವ ಗೊಬ್ಬರವೇ ಮೇಲು. ಹಾಗಾಗಿ ಇರುವ ಎರಡು ಮೂರು ಕ್ವಿಂಟಾಲನ್ನು ಹೊಲದ ತುಂಬ ಎರಚದೆ ಗೊಬ್ಬರದೊಡನೆ ಸಾಲಿಗೆ, ತೆಂಗು, ಅಡಕೆ, ತರಕಾರಿಯ ಗುಣಿಗೆ ಕೊಡುವುದು ಜಾಣತನ.

ಇದ್ದಿಲು ಮಾಡಲು ಹೈದರಾಬಾದಿನ ಕೇಂದ್ರೀಯ ಒಣ ಬೇಸಾಯ ಸಂಶೋಧನಾ ಸಂಸ್ಥೆಯವರು ಹತ್ತಿ, ತೊಗರಿ, ಔಡಲ, ಮೆಕ್ಕೆಜೋಳದ ಕಟ್ಟಿಗೆಗೆ ಹೊಂದುವ ಡ್ರಮ್ಮಿನ ಕುಲುಮೆಯನ್ನು ರೂಪಿಸಿದ್ದಾರೆ. ಲೋಟದ ಆಕಾರದ ಗುಂಡಿ ತೋಡಿ, ಮೇಲಿನಿಂದ ಸ್ವಲ್ಪ ಸ್ವಲ್ಪವೇ ಒಣ ಕಟ್ಟಿಗೆ ಹಾಕುತ್ತ, ಜ್ವಾಲೆಯೇ ಮುಚ್ಚಳವಾಗುವಂತೆ ಉರಿಸಿಯೂ ಮಾಡಬಹುದು. ಗುಂಡಿಯಲ್ಲಿ ಶಾಖ 600, 700 ಡಿಗ್ರಿ ಮುಟ್ಟುತ್ತದೆ, ಅಂದರೆ ಲೆಕ್ಕದವರು ಮೆಚ್ಚುವ ಜಡ ಇದ್ದಿಲು. ಇದಕ್ಕೆ ಹೆದರಬೇಕಾಗಿಲ್ಲ. ಚೆನ್ನಾಗಿ ಬೆಂದ ಇದ್ದಿಲಿನ ಒಡಲು ಹಾಗೆಯೇ ಉಳಿದು, ಮೈ ಮಾತ್ರ ಹದಗೊಂಡರೆ ಸಾಕು. ಕಂಪನಿಯ ಲೆಕ್ಕವೂ ಕೆಡುವುದಿಲ್ಲ, ನಮ್ಮ ಮಣ್ಣೂ ಕೆಡುವುದಿಲ್ಲ.

ಹದಗೊಳಿಸುವ ಕ್ರಮ ಸುಲಭ. ನೀರು ಹೊಡೆದು ಆರಿಸಿದ ಇದ್ದಿಲನ್ನು ಒಂದು ಹಗಲು ಒಂದು ರಾತ್ರಿ ಬಯಲಲ್ಲೇ ಬಿಡಿ. ಒಳಗೆ ಕೆಂಡವಿದ್ದರೆ ಬಣವೆಗೆ ಬೆಂಕಿ ಬೀಳುತ್ತದೆ. ಕಡಲೆಕಾಯಿ ಬೀಜದ ಗಾತ್ರಕ್ಕೆ ಒಡೆಯಿರಿ, ಒಡೆಯುವಾಗ ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಗಂಜಲ ಮತ್ತು ಸಗಣಿ ಬಗ್ಗಡದಲ್ಲಿ ನೆನೆಸಿ, ತಿಪ್ಪೆಗೆ ಪದರ ಪದರವಾಗಿ ಹಾಕಿ, ಹತ್ತು ಬುಟ್ಟಿ ಗೊಬ್ಬರಕ್ಕೆ ಒಂದು ಬುಟ್ಟಿಯಂತೆ. ದನದ ಕೊಟ್ಟಿಗೆಯ ನೆಲಕ್ಕೆ ಹರಡಿ ಗಂಜಲ ಹೀರಿಸಿ ತಿಪ್ಪೆಗೆ ತಳ್ಳಿದರೆ ಇನ್ನೂ ಮೇಲು, ಕೊಟ್ಟಿಗೆಯ ವಾಸನೆಯೂ ತಗ್ಗುತ್ತದೆ. ತೇವ ಆರದಂತೆ ನೋಡಿಕೊಂಡು ತಿಂಗಳಿಗೊಮ್ಮೆ ತಿರುವಿ. ಗಾಳಿ ಆಡಿದಷ್ಟೂ ಹದ ಬೇಗ. ಮೂರು, ನಾಲ್ಕು ತಿಂಗಳು ಬೇಕು. ಹಿಂಗಾರಿಗೆ ಬೇಕಾದದ್ದನ್ನು ಮುಂಗಾರಿಗೆ ಮೊದಲೇ ತಿಪ್ಪೆಗೆ ಸೇರಿಸಿ. ಹದ ಬಂದಿದೆಯೇ ಎಂದು ನೋಡಲು ಒಂದು ಗಾಜಿನ ಲೋಟದ ನೀರು ಸಾಕು. ಹೊಸ ಇದ್ದಿಲಿನ ಚೂರು ತೇಲುತ್ತದೆ, ಮೈಗೆ ನೀರು ಹತ್ತುವುದಿಲ್ಲ. ಹದಗೊಂಡ ಚೂರನ್ನು ನೆರಳಲ್ಲಿ ಒಣಗಿಸಿ ಹಾಕಿದರೂ ಬೇಗ ನೀರು ಕುಡಿದು ಮುಳುಗುತ್ತದೆ. ಪ್ರಯೋಗಾಲಯದ ಅಳತೆಯಲ್ಲದಿದ್ದರೂ ಮೋಸ ಹೋಗದಷ್ಟು ತಿಳಿಯುತ್ತದೆ. ಹೊಸ ಇದ್ದಿಲನ್ನು ಯೂರಿಯಾದೊಡನೆ ಬೆರೆಸಿ ಇಡಬೇಡಿ.

ಸಹಿ ಹಾಕುವ ಮೊದಲು

ಇಂಗಾಲದ ಲೆಕ್ಕಕ್ಕೆ ಕಾನೂನಿನ ಚೌಕಟ್ಟು ನಮ್ಮಲ್ಲಿ ಹೊಸದು. ಕೇಂದ್ರ ಸರ್ಕಾರ ಇಂಗಾಲ ಸಾಲಪತ್ರ ವ್ಯಾಪಾರ ಯೋಜನೆಯನ್ನು ಹೊರಡಿಸಿದ್ದು 2023ರ ಜೂನ್‌ನಲ್ಲಿ. ಹೊರದೇಶದ ಸ್ವಯಂಪ್ರೇರಿತ ಮಾರುಕಟ್ಟೆಯಲ್ಲಿ ವೆರಾ ಎಂಬ ಸಂಸ್ಥೆ 2022ರಲ್ಲಿ ಇದ್ದಿಲಿನ ಲೆಕ್ಕಕ್ಕೆಂದೇ ಒಂದು ಪದ್ಧತಿಯನ್ನು ಪ್ರಕಟಿಸಿತು. ಈ ಲೆಕ್ಕಗಳಲ್ಲಿ ಇದ್ದಿಲು ಎಷ್ಟು ತೂಗಿತು, ಎಷ್ಟು ಶಾಖದ್ದು, ಸುಡದೆ ಎಲ್ಲಿ ಸೇರಿತು ಎಂಬುದಕ್ಕೆ ದಾಖಲೆ ಬೇಕು. ದಾಖಲೆ ಬೇಗ ಮುಗಿಯಲೆಂದು ಕುಲುಮೆಯಿಂದ ನೇರ ಹೊಲಕ್ಕೆ ಹರಡಿಸಿ ಫೋಟೋ ತೆಗೆಯುವ ಅವಸರ ಏಜೆಂಟರಿಗೆ ಇರುತ್ತದೆ. ಅವಸರ ಅವರದು, ಹಳದಿಯಾಗುವ ಪೈರು ನಿಮ್ಮದು.

ಆದ್ದರಿಂದ ಒಪ್ಪಂದದ ಕಾಗದವನ್ನು ಕನ್ನಡದಲ್ಲಿ ಕೇಳಿ ಪಡೆಯಿರಿ. ಇದ್ದಿಲನ್ನು ತಿಪ್ಪೆಯಲ್ಲಿ ಹದಗೊಳಿಸಿ ಹಾಕುವುದಕ್ಕೆ ಅವಕಾಶವಿದೆಯೇ, ತೂಕವನ್ನು ತಿಪ್ಪೆಗೆ ಸೇರಿಸುವ ಮೊದಲೇ ದಾಖಲಿಸುತ್ತಾರೆಯೇ ಎಂಬುದು ಬರಹದಲ್ಲಿರಲಿ. ಇದ್ದಿಲಿನ ಪರೀಕ್ಷಾ ವರದಿಯ ಒಂದು ಪ್ರತಿ ನಿಮಗೆ ಬರಬೇಕು, ಅದರಲ್ಲಿ ರಸಸಾರ ಮತ್ತು ಬೂದಿಯ ಪ್ರಮಾಣ ಇರಬೇಕು. ಲೆಕ್ಕದ ಹಣದಲ್ಲಿ ನಿಮ್ಮ ಪಾಲೆಷ್ಟು, ಯಾವಾಗ ಕೊಡುತ್ತಾರೆ, ಕಡಿಯುವ, ಸುಡುವ, ಒಡೆಯುವ ಕೂಲಿ ಯಾರದ್ದು ಎಂಬುದನ್ನು ಬಾಯಿಮಾತಿಗೆ ಬಿಡಬೇಡಿ. ಒಮ್ಮೆ ಮಾರಿದ ಲೆಕ್ಕ ನಿಮ್ಮದಲ್ಲ, ಅದೇ ಇದ್ದಿಲನ್ನು ಇನ್ನೊಬ್ಬರಿಗೆ ತೋರಿಸಿ ಹಣ ಪಡೆಯುವಂತಿಲ್ಲ. ಗೋಮಾಳ, ಕೆರೆಯಂಗಳದ ಬಳ್ಳಾರಿ ಜಾಲಿಯನ್ನು ಕಡಿಯುವ ಮಾತು ಬಂದರೆ ಮೊದಲು ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಆ ಕಟ್ಟಿಗೆಯಿಂದಲೇ ಒಲೆ ಉರಿಸುವ, ಇದ್ದಿಲು ಸುಟ್ಟು ಮಾರಿ ಬದುಕುವ ಬಡವರು ಊರಲ್ಲಿದ್ದಾರೆ.

ಈ ಹಂಗಾಮಿಗೆ ಪ್ರಯೋಗ ಮಾಡಬೇಕೆಂದಿರುವವರು ಹೊಲದಲ್ಲಿ ಹತ್ತು ಸಾಲು ಮಾತ್ರ ಆರಿಸಿಕೊಳ್ಳಿ. ಐದು ಸಾಲಿಗೆ ಬರಿಯ ತಿಪ್ಪೆಗೊಬ್ಬರ, ಐದು ಸಾಲಿಗೆ ಇದ್ದಿಲು ಕಳಿತ ತಿಪ್ಪೆಗೊಬ್ಬರ, ಎರಡಕ್ಕೂ ಒಂದೇ ತೂಕ, ಒಂದೇ ರಸಗೊಬ್ಬರ. ಕೊಯ್ಲಿನಲ್ಲಿ ಎರಡನ್ನೂ ಬೇರೆ ಬೇರೆ ತೂಗಿ ಬರೆದಿಡಿ. ಬಿತ್ತನೆಗೆ ಮೊದಲು ಮಣ್ಣಿನ ರಸಸಾರವನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದ ಮೂಲಕ ಪರೀಕ್ಷೆ ಮಾಡಿಸಿ. ಅದು 8ಕ್ಕಿಂತ ಹೆಚ್ಚಿದ್ದರೆ ಈ ವರ್ಷದ ಇದ್ದಿಲನ್ನು ಹೊಲಕ್ಕೆ ಒಯ್ಯದೆ ಕೊಟ್ಟಿಗೆಯ ಗಂಜಲ ಹೀರಿಸುವುದಕ್ಕೇ ಇಟ್ಟುಕೊಳ್ಳಿ.